ಕೌದಿ ಹಾಸಿದ ಮನೆ

ನಾನು ಬಿದ್ದದ್ದು ಒಂದೇ ಸಲ. ಆದರೆ ನಮ್ಮ ಮನೆಯವರು ಅದನ್ನು ಬಂದವರ ಮುಂದೆ ಬಣ್ಣಿಸುವ ರೀತಿ ಕೇಳಿದರೆ, ಇಡೀ ಮಾಳಿಗೆಯೇ ಕುಸಿದು ನನ್ನ ತಲೆಯ ಮೇಲೆ ಬಿದ್ದಿರಬೇಕು ಎಂದು ಯಾರಾದರೂ ತಿಳಿದಾರು. ನಡೆದದ್ದು ಇಷ್ಟೇ. ಒಂದು ಶುಕ್ರವಾರ ಬೆಳಿಗ್ಗೆ ಸೊಸೆ ಹೊಸ್ತಿಲು ತೊಳೆದು ಅರಿಶಿಣ ಹಚ್ಚಿದ್ದಳು. ನಾನು ಜಳಕ ಮುಗಿಸಿ ಒದ್ದೆ ಕಾಲಲ್ಲೇ ಪಡಸಾಲೆಗೆ ಬಂದೆ. ಹೊಸ್ತಿಲು ತುಳಿಯಬಾರದಲ್ಲ! ಹುಟ್ಟಿದಾಗಿನಿಂದ ತುಳಿದಿಲ್ಲ, ಆವತ್ತೂ ತುಳಿಯಲಿಲ್ಲ. ಮರ್ಯಾದೆಯಿಂದ ಕಾಲು ಎತ್ತಿ ದಾಟಿದೆ. ಸೀರೆಯ ಅಂಚು ಹೆಬ್ಬೆರಳಿಗೆ ಸಿಕ್ಕಿತು, ಆಚೆಯ ಫರಸಿ ಕಲ್ಲು ನೀರು ಬಿದ್ದು ಜಾರುತ್ತಿತ್ತು, ಕುಕ್ಕರಿಸಿಬಿಟ್ಟೆ. ಎಡಗೈ ಮಣಿಕಟ್ಟು ಊದಿಕೊಂಡಿತು. ಡಾಕ್ಟರು ನೋಡಿ, ಎಲುಬು ಮುರಿದಿಲ್ಲ, ಪಟ್ಟಿ ಕಟ್ಟಿಕೊಳ್ಳಿರಿ, ಓಡಾಡುತ್ತಾ ಇರಿ ಅಂದರು. ಓಡಾಡುತ್ತಾ ಇರಿ ಅಂದದ್ದೊಂದು ಮಾತ್ರ ನಮ್ಮ ಮನೆಯವರ ಕಿವಿಗೆ ಬೀಳಲಿಲ್ಲ.

ನಮ್ಮ ಆಳಂದದಲ್ಲಿ ಯಾರಾದರೂ ಬಿದ್ದರೆ ಮಾತಾಡಿಸಲು ಹೋಗುವುದು ಪದ್ಧತಿ. ಬರಿಗೈಯಲ್ಲಿ ಹೋಗುವಂತಿಲ್ಲ. ಬಾಳೆಹಣ್ಣು ಒಯ್ಯಬೇಕು, ಅದರ ಜೊತೆಗೆ ಬೇರೆ ಯಾರೋ ಬಿದ್ದು ಸತ್ತ ಕಥೆಯೊಂದನ್ನೂ ಒಯ್ಯಬೇಕು. ನನ್ನ ಮಂಚದ ಪಕ್ಕದಲ್ಲಿ ಎರಡೂ ರಾಶಿ ಬಿದ್ದವು. ಜೇವರ್ಗಿಯಿಂದ ನನ್ನ ನಾದಿನಿ ಬಂದಳು. ಕೂತ ಕೂಡಲೇ ಶುರುಮಾಡಿದಳು.

"ನಮ್ಮ ಓಣ್ಯಾಗ ಒಬ್ಬಾಕಿ ಇದ್ಳು ವೈನಿ, ಥೇಟ್ ನಿಮ್ಮಂಗ ಗಟ್ಟಿಮುಟ್ಟಿ. ಹಿಂಗ ಬಚ್ಚಲದಾಗ ಜಾರಿದ್ಳು ನೋಡ್ರಿ."

"ಆಮ್ಯಾಲ?"

"ಆಮ್ಯಾಲ ಏನದ, ಹೋದ್ಳು."

ಹೇಳಿ, ತಾನು ತಂದ ಬಾಳೆಹಣ್ಣಿನಲ್ಲಿ ಒಂದನ್ನು ತಾನೇ ಸುಲಿದು ತಿಂದಳು. ಭೂಸನೂರದ ಬೀಗರು ಬಂದರು, ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರ ಕಥೆಯಲ್ಲಿ ಬಿದ್ದ ಮುದುಕ ಬದುಕಿ ಉಳಿದಿದ್ದ. ನನಗೆ ಸ್ವಲ್ಪ ಸಮಾಧಾನವಾಯಿತು. ಆಮೇಲೆ ಗೊತ್ತಾಯಿತು, ಅವನು ಮಂಚ ಬಿಟ್ಟು ಇಳಿದೇ ಇಲ್ಲವಂತೆ, ಈಗಲೂ ಹಾಗೆಯೇ ಮಲಗಿದ್ದಾನಂತೆ. ಇದನ್ನು ಅವರು ಸಂತೋಷದ ಸಮಾಚಾರವೆಂದೇ ಹೇಳಿದರು.

ನಾನು ಜೀವನವೆಲ್ಲ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳು. ಅತನೂರದಲ್ಲಿ ಶುರುಮಾಡಿ ಆಳಂದದಲ್ಲಿ ಮುಗಿಸಿದೆ. ಮಕ್ಕಳಿಗೆ ಕೂಡು ಅಂದರೆ ಕೂಡಬೇಕು, ಏಳು ಅಂದರೆ ಏಳಬೇಕು. ಅಂಥವಳಿಗೆ ಈಗ ನನ್ನ ಮಗ ಮಂಚದ ಮುಂದೆ ನಿಂತು, "ಅವ್ವಾ, ಇನ್ನ ಮ್ಯಾಲ ನೀ ಏಳಬ್ಯಾಡ" ಅಂದ. ತೊಗರಿ ವ್ಯಾಪಾರದ ಅಂಗಡಿ ನಡೆಸುವವನು, ಮಾತು ಮುಗಿಸಿದರೆ ಸೌದಾ ಮುಗಿದಂತೆ. ನೀರು ಬೇಕಾದರೆ ಚಮಚದಿಂದ ಲೋಟ ಬಡಿಯಬೇಕು, ಸೊಸೆ ತರುತ್ತಾಳೆ. ಬಚ್ಚಲಿಗೆ ಹೋಗುವ ತ್ರಾಸು ಬೇಡವೆಂದು ಮಂಚದ ಪಕ್ಕದಲ್ಲೇ ನಡುವೆ ತೂತಿರುವ ಒಂದು ಕುರ್ಚಿ ತಂದಿಟ್ಟರು. ಬಂದವರೆಲ್ಲ ಅದನ್ನು ಮುಟ್ಟಿ ನೋಡಿ, ಛಲೋ ಅದ ನೋಡ್ರಿ, ಗಟ್ಟಿ ಅದ ಅಂತ ಹೊಗಳಿದರು. ಪಡಸಾಲೆಯ ನಟ್ಟನಡುವೆ ಇಟ್ಟುಕೊಂಡ ಆ ಸಿಂಹಾಸನದ ಮೇಲೆ ಕೂಡುವ ಹೊತ್ತಿಗೆ ನನಗೆ ಸಾಯುವಷ್ಟು ನಾಚಿಕೆಯಾಗುತ್ತಿತ್ತು.

ನಾನು ಸುಮ್ಮನೆ ಕೂಡಲಿಲ್ಲ. ಬಚ್ಚಲ ಗೋಡೆಗೆ ಹಿಡಿದುಕೊಳ್ಳಲು ಒಂದು ಪೈಪು ಹಾಕಿಸು ಅಂದೆ.

"ಗ್ವಾಡಿ ಕೆಡ್ತದ ಅವ್ವಾ, ಹೋದ ವರ್ಷ ಟೈಲ್ಸ್ ಹಚ್ಚಿಸೇವಿ."

ಹೊಸ್ತಿಲು ಬಹಳ ಎತ್ತರವಿದೆ, ಸ್ವಲ್ಪ ಕೆತ್ತಿಸು ಅಂದೆ.

"ಹೊಸ್ತಿಲ ಕಡೀತಾರೇನು? ಮನಿಗಿ ಛಲೋ ಅಲ್ಲ ಅದು."

ಮುಂಬಾಗಿಲ ಕಟ್ಟೆಯ ಮೆಟ್ಟಿಲಿಗೆ ಒಂದು ಸರಳು ಹಾಕಿಸು ಅಂದೆ. ಮೊಣಕಾಲು ಸವೆದ ಮೇಲೆ ಆ ಮೆಟ್ಟಿಲ ದೆಸೆಯಿಂದಲೇ ನಾನು ಓಣಿಗೆ ಇಳಿಯುವುದು ಅಪರೂಪವಾಗಿತ್ತು.

"ನೀ ಎಲ್ಲಿಗಿ ಹೋಗಾಕಿ ಅದೀ?"

ಗೋಡೆ ಕೆಡಬಾರದು, ಹೊಸ್ತಿಲು ಕೆಡಬಾರದು, ಮೆಟ್ಟಿಲು ಇದ್ದಂತೆ ಇರಬೇಕು. ಮನೆಯಲ್ಲಿ ರಿಪೇರಿ ಬೇಕಾಗಿದ್ದ ವಸ್ತು ಅಂದರೆ ನಾನೊಬ್ಬಳೇ. ಅದಕ್ಕಾಗಿ ಚೌಡಾಪುರದ ಕಡೆಯಿಂದ ಯಾರೋ ಕೊಟ್ಟರೆಂದು ಒಂದು ಎಣ್ಣೆ ತರಿಸಿದರು. ಅಂಗಾಲಿಗೆ ತಿಕ್ಕಿದರೆ ಕಾಲಿಗೆ ಬಲ ಬರುತ್ತದಂತೆ. ನುಣ್ಣನೆಯ ಕಲ್ಲಿನ ಮೇಲೆ ನಡೆಯಬೇಕಾದ ಮುದುಕಿಯ ಅಂಗಾಲಿಗೆ ಎಣ್ಣೆ! ಇಂಥ ಬುದ್ಧಿವಂತರ ನಡುವೆ ನಾನು ಇಷ್ಟು ವರ್ಷ ಬದುಕಿದ್ದೇ ದೊಡ್ಡದು.

ಇಷ್ಟಾದರೂ ನಾದಿನಿಗೆ ಸಮಾಧಾನವಿರಲಿಲ್ಲ. ಊರಿಗೆ ಹೊರಡುವ ಮುಂಚೆ ಅವಳಿಗೊಂದು ವಿಚಾರ ಹೊಳೆಯಿತು.

"ಮನಿ ತುಂಬ ಕೌದಿ ಹಾಸ್ರಿ. ಬಿದ್ರೂ ಮೆತ್ತಗ ಬೀಳ್ತಾರ."

ಎಲ್ಲರೂ ಅವಳ ಮುಖ ನೋಡಿದರು. ಇಷ್ಟು ಸುಲಭದ್ದು ನಮಗೆ ಯಾಕೆ ಹೊಳೆಯಲಿಲ್ಲ ಎಂಬ ಆಶ್ಚರ್ಯ. ನಮ್ಮ ಕಡೆ ಕೌದಿ ಇಲ್ಲದ ಮನೆ ಎಲ್ಲಿದೆ? ಹಳೆಯ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಪದರ ಪದರವಾಗಿ ಇಟ್ಟು ಕೈಯಿಂದ ಹೊಲಿದದ್ದು, ಚಳಿಗೆ ಹೊದೆಯಲು, ಕೂಸಿಗೆ ಹಾಸಲು. ನಮ್ಮ ಅಟ್ಟದ ಮೇಲೆಯೇ ಒಂದು ಒಟ್ಟಿಲು ಇತ್ತು. ಸಾಲಲಿಲ್ಲವೆಂದು ನಾದಿನಿ ಜೇವರ್ಗಿಯಿಂದ ಬಸ್ಸಿನಲ್ಲಿ ಒಂದು ಗಂಟು ಕಳಿಸಿದಳು, ಭೂಸನೂರದಿಂದ ಬೀಗರು ತಂದರು. ಮಂಚದಿಂದ ಬಾಗಿಲ ತನಕ, ಬಾಗಿಲಿಂದ ಅಡುಗೆಮನೆ ತನಕ, ಕಲ್ಲು ಕಾಣದಂತೆ ಹಾಸಿದರು. ನನ್ನ ಮದುವೆಯ ಸೀರೆ, ಅತ್ತೆಯ ಇರಕಲ್ ಸೀರೆ, ಮಾವನ ಧೋತರ ಎಲ್ಲವೂ ನೆಲದ ಮೇಲೆ. ಮನೆ ನೋಡಲು ಚೆಂದ ಕಾಣುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಆ ಮೇಲೆ ಬೀಳುವುದು ಶುರುವಾಯಿತು. ನಾನು ಬೀಳಲಿಲ್ಲ, ನಾನು ಮಂಚದ ಮೇಲೆ ಭದ್ರವಾಗಿದ್ದೆ. ಬೇರೆಯವರು ಬಿದ್ದರು. ಕಲ್ಲಿನ ಮೇಲೆ ಹಾಸಿದ ಕೌದಿ ಕಾಲಿಟ್ಟ ಕಡೆ ಸರಿಯುತ್ತದೆ, ಅಂಚು ಮಡಚಿಕೊಂಡು ಬೆರಳಿಗೆ ಸಿಗುತ್ತದೆ. ಸೊಸೆ ಹಾಲಿನ ಪಾತ್ರೆಯ ಸಮೇತ ಬಿದ್ದಳು. ಭೂಸನೂರದ ಬೀಗರು ತಾವೇ ತಂದ ಕೌದಿಯ ಮೇಲೆ ಜಾರಿ ನನ್ನ ಸಿಂಹಾಸನಕ್ಕೆ ಹಣೆ ಬಡಿಸಿಕೊಂಡರು. ಬಿದ್ದವರೆಲ್ಲ ಎದ್ದು ಮೈ ಕೊಡವಿಕೊಂಡು ಒಂದೇ ಮಾತು ಹೇಳುತ್ತಿದ್ದರು.

"ಕೌದಿ ಇತ್ತಂತ ಪೆಟ್ಟಾಗ್ಲಿಲ್ಲ ನೋಡ್ರಿ."

ಕೆಡವಿದ್ದೂ ಅದೇ, ಕೀರ್ತಿಯೂ ಅದಕ್ಕೇ. ಬಿದ್ದ ಜಾಗದಲ್ಲಿ ಮತ್ತೊಂದು ಕೌದಿ ಹಾಸಿ ಇನ್ನಷ್ಟು ದಪ್ಪ ಮಾಡುತ್ತಿದ್ದರು. ಒಂದು ದಿನ ಮಗನೂ ಬಿದ್ದ. ಕಾಲು ಉಳುಕಿತು, ಅಯ್ಯಯ್ಯೋ ಎಂದು ಕೂಗಿದ. ಹೆತ್ತ ಕರುಳಲ್ಲವೇ, ಪಾಪ ಅನಿಸಿತು. ಜೊತೆಗೆ ಸ್ವಲ್ಪ ಖುಷಿಯೂ ಆಯಿತು, ಅದನ್ನೂ ಹೇಳಿಬಿಡುತ್ತೇನೆ. ಮರುದಿನ ಬೆಳಿಗ್ಗೆ ನೋಡಿದರೆ ಕುಂಟುತ್ತಾ ಅಂಗಡಿಗೆ ಹೊರಟಿದ್ದ.

"ಏಳಬ್ಯಾಡಪ್ಪಾ, ನೀ ಬಿದ್ದೀದಿ" ಅಂದೆ.

"ಅಂಗಡಿ ಯಾರ್ ನೋಡ್ತಾರವ್ವಾ? ನಡದಾಡಿದ್ರ ಕಾಲು ಸಡ್ಲ ಆಗ್ತದ."

"ಹೌದಾ? ನಿನ್ನ ಕಾಲು ಸಡ್ಲ ಆಗ್ತದ, ನಂದು ಆಗಂಗಿಲ್ಲೇನು?"

ಅವನು ಅಂಗಡಿಯ ಕೀಲಿಕೈ ತೆಗೆದುಕೊಂಡ. ಹೊತ್ತಾಯಿತು ಎನ್ನುತ್ತಾ ಹೋದ.

ನನ್ನನ್ನು ಉಳಿಸಿದವಳು ಎದುರು ಮನೆಯ ಗೆಳತಿ. ನಾವಿಬ್ಬರೂ ಒಂದೇ ವಾರಿಗೆಯವರು, ಒಂದೇ ಸುಮಾರಿಗೆ ಈ ಓಣಿಗೆ ಸೊಸೆಯರಾಗಿ ಬಂದವರು. ಆಕೆಯ ಗಂಡ ದರ್ಜಿಯಾಗಿದ್ದ. ಅಂಗಡಿಯ ಚಿಂದಿಯನ್ನೆಲ್ಲ ಕೂಡಿಸಿ ಕೌದಿ ಹೊಲಿಯುವುದರಲ್ಲಿ ಆಕೆಯದೇ ಕೈ. ನಾನು ಆಕೆಯನ್ನು ಬೀ ಅನ್ನುತ್ತೇನೆ, ಆಕೆ ನನ್ನನ್ನು ಟೀಚರ್ ಅನ್ನುತ್ತಾಳೆ. ಜಗಳ ಬಂದರೆ ಆಕೆ ಉರ್ದುವಿನಲ್ಲಿ ಬೈಯುತ್ತಾಳೆ, ನಾನು ಕನ್ನಡದಲ್ಲಿ, ಇಬ್ಬರಿಗೂ ಇಬ್ಬರದೂ ಚೆನ್ನಾಗಿ ಗೊತ್ತಾಗುತ್ತದೆ. ಮಧ್ಯಾಹ್ನದ ನಮಾಜು ಮುಗಿಸಿ ಆಕೆ ನಮ್ಮಲ್ಲಿಗೆ ಚಹಾಕ್ಕೆ ಬರುವುದು, ಹೋಗುವಾಗ ನಾನು ಹೊಸ್ತಿಲ ತನಕ ಹೋಗಿ ಕಳಿಸುವುದು. ಬಂದವರನ್ನು ಕೂತಲ್ಲಿಂದಲೇ ಕಳಿಸಿದರೆ ಅದು ನಮ್ಮಲ್ಲಿ ಅವಮಾನ. ನಿಜವಾದ ಮಾತೆಲ್ಲ ಆ ಹೊಸ್ತಿಲ ಬಳಿಯೇ ಆಗುತ್ತಿತ್ತು. ಚಹಾದ ಹೊತ್ತಿಗಿಂತ ನಿಂತು ಕಳಿಸುವ ಹೊತ್ತು ದೊಡ್ಡದು.

ನಾನು ಬಿದ್ದ ಮೇಲೂ ಆಕೆ ಬರುವುದು ಬಿಡಲಿಲ್ಲ. ಬಾಳೆಹಣ್ಣು ತರಲಿಲ್ಲ, ಯಾರೂ ಸತ್ತ ಕಥೆ ಹೇಳಲಿಲ್ಲ. ಕೌದಿ ಹಾಸಿದ್ದನ್ನು ಬಾಗಿಲಲ್ಲೇ ನಿಂತು ನೋಡಿ, ಕಾಲಿನಿಂದ ಅಂಚು ಸರಿಸಿ, ಸೊಸೆಗೆ ಕೇಳುವಂತೆ ಅಂದಳು:

"ಏನ್ ಟೀಚರ್, ಮನ್ಯಾಗ ಹೆರಿಗಿ ಅದ ಏನ್? ಇಷ್ಟ್ ಹಾಸೀರಿ?"

ಒಂದು ದಿನ ನನ್ನ ತೊಡೆ ಮುಟ್ಟಿ ನೋಡಿದಳು. ಕೂತು ಕೂತು ತೊಡೆಯ ಮಾಂಸ ಕರಗಿತ್ತು. ಎದ್ದು ನಿಂತರೆ ನಡುಗುತ್ತಿದ್ದೆ. ಬಿದ್ದಾಗ ನನಗೆ ಹೆದರಿಕೆ ಆಗಿರಲಿಲ್ಲ, ಆ ನಡುಕ ನೋಡಿ ಹೆದರಿಕೆ ಆಯಿತು. ಆಕೆಯ ಮುಖವೂ ಸಪ್ಪಗಾಯಿತು. ಆಮೇಲೆ ಸಿಟ್ಟಿಗೆದ್ದಳು.

"ಉಠೋ. ಏಳು. ಅಲ್ಲಾನ ದಯಾದಿಂದ ಕಾಲು ಎರಡೂ ಅವ. ಇನ್ನೇನ್ ಬೇಕು ನಿನಗ?"

ಆವತ್ತಿನಿಂದ ಅದೇ ನಮ್ಮ ಚಹಾ. ಸೊಸೆ ಅಡುಗೆಮನೆಗೆ ಹೋದ ಕೂಡಲೇ ನಾನು ಕುರ್ಚಿಯಿಂದ ಏಳುವುದು, ಕೂಡುವುದು, ಮತ್ತೆ ಏಳುವುದು. ಕಂಬ ಹಿಡಿದು ಹಿಮ್ಮಡಿ ಎತ್ತಿ ಬೆರಳ ಮೇಲೆ ನಿಲ್ಲುವುದು. ಆಕೆ ಎಲೆ ಅಡಿಕೆ ಮೆಲ್ಲುತ್ತಾ ಎಣಿಸುವುದು. ನಡುವೆ ಓಣಿಯ ಸುದ್ದಿ ನೆನಪಾಗಿ ಎಣಿಕೆ ತಪ್ಪುತ್ತಿತ್ತು, ಆಗ ಮತ್ತೆ ಒಂದರಿಂದ ಶುರು. ಶಾಲೆಯಲ್ಲಿ ನಾನು ಯಾವ ಮಗುವಿಗೂ ಇಷ್ಟು ಅನ್ಯಾಯ ಮಾಡಿದವಳಲ್ಲ. ಬೈದೆ, ನಕ್ಕೆ, ಬೆವೆತೆ. ಆದರೆ ಕಾಲಿಗೆ ಜೀವ ಬರತೊಡಗಿತು. ಚೌಡಾಪುರದ ಎಣ್ಣೆಯಿಂದ ಎಂದು ಮಗ ಅಂಗಡಿಯಲ್ಲಿ ಎಲ್ಲರಿಗೂ ಹೇಳಿದನಂತೆ.

ಒಂದು ದಿನ ಆಕೆ ಹೊರಟಾಗ ನಾನು ನಾನಾಗಿಯೇ ಎದ್ದೆ. ಹೊಸ್ತಿಲ ತನಕ ಬರುತ್ತೇನೆ, ಇವತ್ತು ಕಳಿಸಿಯೇ ಕಳಿಸುತ್ತೇನೆ ಅಂದೆ. ಆಕೆಯ ಮುಖ ಅರಳಿತು. ಮುಂದೆ ನಡೆಯುತ್ತಾ ನಡೆಯುತ್ತಾ ತಿರುಗಿ ನೋಡಿ ನನಗೆ ಹೇಳಿದಳು:

"ಕಾಲು ಎತ್ತಿಡು ಟೀಚರ್, ಕೌದಿ ಅದ."

ಹಾಗೆ ಹೇಳುವಾಗಲೇ ಆಕೆಯ ಕಾಲು ಮಡಚಿದ ಅಂಚಿನಲ್ಲಿ ಸಿಕ್ಕಿತು. ಕೌದಿ ಸರ್ರನೆ ಜಾರಿತು. ಪಕ್ಕಕ್ಕೆ ಬಿದ್ದಳು, ಎದ್ದೇಳಲಿಲ್ಲ. ನನ್ನ ಮೊಮ್ಮಗ ಹುಟ್ಟಿದಾಗ ಆಕೆಯೇ ಹೊಲಿದು ಕೊಟ್ಟ ಕೌದಿ ಅದು, ಹಸಿರು ಅಂಚಿನದು. ಈ ಸಲ ಮೆತ್ತಗ ಬಿದ್ಳು ಎಂದು ಯಾರೂ ಹೇಳಲಿಲ್ಲ.

ಕಲಬುರಗಿಯಲ್ಲಿ ಆಪರೇಷನ್ ಆಯಿತು, ಚಪ್ಪೆಯ, ಅಂದರೆ ಸೊಂಟದ ಕೆಳಗಿನ, ಎಲುಬಿಗೆ ಕಬ್ಬಿಣ ಹಾಕಿದರು. ಮನೆಗೆ ತಂದು ಮಲಗಿಸಿದ್ದಾರೆ ಎಂದು ಸೊಸೆ ಹೇಳಿದಳು. ಓಣಿಯ ಆಚೆ ಕಾಣುವ ಆ ಬಾಗಿಲನ್ನು ನಾನು ಮಂಚದ ಮೇಲಿಂದ ದಿನವೂ ನೋಡುತ್ತಿದ್ದೆ. ನೋಡಲು ಹೋಗಬೇಕು ಅಂದರೆ ಮಗ, "ನೀನೂ ಬಿದ್ದ್ರ? ಎರಡು ಮಂಚ ಆಗ್ತಾವ" ಅಂದ. ಆಕೆಯ ಮಗ ಸೊಸೆ ಇಬ್ಬರೂ ಹಗಲೆಲ್ಲ ದುಡಿಯಲು ಹೋಗುವವರು, ಹಾಗಾಗಿ ನೋಡಿಕೊಳ್ಳಲು ಅಫಜಲಪುರದಿಂದ ಮಗಳು ಬಂದಿದ್ದಳು. ಡಾಕ್ಟರು, ವಾಕರ್ ಹಿಡಿದು ದಿನಾ ನಡೆಸಿರಿ ಎಂದು ಹೇಳಿದ್ದರಂತೆ. ಅವರ ಮನೆಗೂ ಓಣಿಯವರು ಬಾಳೆಹಣ್ಣು ಮತ್ತು ಕಥೆ ತೆಗೆದುಕೊಂಡು ಹೋಗುತ್ತಿದ್ದರು. ಎಲ್ಲರೂ ಒಂದೇ ಮಾತು ಹೇಳಿದರು, ಏಳಬ್ಯಾಡ. ಪಾಪ, ನೋವಾಗುತ್ತದಲ್ಲ ಎಂದು ಮಗಳೂ ಏಳಿಸಲಿಲ್ಲ.

ಒಂದು ದಿನ ಸೊಸೆ ಸೊಪ್ಪು ಬಿಡಿಸುತ್ತಾ ಹೇಳಿದಳು:

"ಬೀನ ಅಫಜಲಪುರಕ್ಕ ಒಯ್ತಾರಂತ್ರಿ ಅತ್ತಿ. ಮಗಳರೆ ಗಂಡನ ಮನಿ ಎಷ್ಟ್ ದಿನ ಬಿಟ್ಟಿರ್ತಾಳ? ತಾನಾ ಎದ್ದು ಬಚ್ಚಲಕ ಹೋಗಂಗಾದ್ರ ಇಲ್ಲೇ ಇರ್ಲಿ, ಮಗ ಸೊಸಿ ಅದಾರಲ್ಲ ಅಂದ್ಳು. ಇಲ್ಲಂದ್ರ ಬರೋ ತಿಂಗಳ ಮೊದಲ ಶುಕ್ರವಾರ ಜುಮ್ಮಾ ನಮಾಜ್ ಆದ ಮ್ಯಾಲ ಗಾಡಿ ತರ್ತಾರಂತ."

ಆ ಮಗಳ ಮನೆ ನನಗೆ ಗೊತ್ತು. ಅಂಗಡಿಗಳ ಮೇಲಿನ ಮಾಳಿಗೆ, ಕಡಿದಾದ ಇಕ್ಕಟ್ಟು ಮೆಟ್ಟಿಲು. ಕುರ್ಚಿಯಲ್ಲಿ ಕೂಡಿಸಿ ನಾಲ್ಕು ಜನ ಹೊತ್ತು ಮೇಲೆ ಒಯ್ಯುತ್ತಾರೆ. ಕೆಳಗೆ ಇಳಿಸುವುದು ಒಂದೇ ಸಲ, ಅದೂ ನಾಲ್ಕು ಜನರೇ. ನನಗೆ ಸಿಟ್ಟು ಬಂತು. ಅಂಥ ಸಿಟ್ಟು ನಿವೃತ್ತಿಯಾದ ಮೇಲೆ ನನಗೆ ಬಂದಿರಲಿಲ್ಲ.

ಮಂಚದಿಂದ ಇಳಿದೆ. ಕುರ್ಚಿಯಲ್ಲಿ ಕೂತು ಊರುಗೋಲಿನ ಕೊಕ್ಕೆಯಿಂದ ಮೊದಲನೆಯ ಕೌದಿ ಎಳೆದೆ. ಎರಡನೆಯದು ಎಳೆದೆ. ಸೊಸೆ ಓಡಿ ಬಂದಳು.

"ಏನ್ ಮಾಡಾಕತ್ತೀರಿ ಅತ್ತಿ?"

"ನೆಲ ಹುಡುಕಾಕತ್ತೇನಿ. ಇಲ್ಲೇ ಎಲ್ಲೋ ಇತ್ತು."

ಅವಳು ನಿಂತಳು. ಆಮೇಲೆ ಕೂತು ಮಡಚತೊಡಗಿದಳು. ಮಡಚುತ್ತಾ ಮಡಚುತ್ತಾ ಅಳು ಬಂತು ಅವಳಿಗೆ.

"ನಂಗೂ ಇದು ಬೇಕಾಗಿತ್ತೇನ್ರಿ? ನಾಳಿ ನೀವು ಮತ್ತ ಬಿದ್ದ್ರ ಮಂದಿ ನಿಮ್ಮ ಮಗನ್ನ ಏನೂ ಅನ್ನಂಗಿಲ್ಲ. ಸೊಸಿ ನೋಡ್ಕೊಳ್ಳಲಿಲ್ಲ ಅಂತಾರ."

ಇಷ್ಟು ದಿನದ ರಾಜೋಪಚಾರದ ಗುಟ್ಟು ಇದಾಗಿತ್ತು. ನನ್ನ ಎಲುಬಿಗಿಂತ ಮನೆಯ ಮಾನ ಬಹಳ ನಾಜೂಕು. ಅವಳ ಮೇಲೆ ನನಗೆ ಮರುಕ ಬಂತು.

"ಯಾರರೆ ಅಂದ್ರ ನನ್ನ ಕಡೆ ಕಳಸು. ನಾ ಬೀಳೋದು ನಂದು, ನಿಂದಲ್ಲ" ಅಂದೆ. ಅವಳು ಮೂಗು ಒರೆಸಿಕೊಂಡು ನಕ್ಕಳು.

ಸಂಜೆ ಮಗ ಬಂದಾಗ ಪಡಸಾಲೆಯಲ್ಲಿ ಕಲ್ಲು ಕಾಣುತ್ತಿತ್ತು, ಕೌದಿಗಳು ಗಂಟಾಗಿ ಬಾಗಿಲಲ್ಲಿದ್ದವು. ಅವನು ಬಾಯಿ ತೆರೆಯುವ ಮೊದಲೇ ಸೊಸೆ ಅಂದಳು, ನಾಳೆ ಪೈಪಿನವನನ್ನು ಕರೆಯಿರಿ, ಬಚ್ಚಲಿಗೊಂದು, ಕಟ್ಟೆಯ ಮೆಟ್ಟಿಲಿಗೊಂದು. ಟೈಲ್ಸ್ ಕೆಡುತ್ತದೆ ಅನ್ನಲು ಹೋದವನು ಅವಳ ಮುಖ ನೋಡಿ ಪೈಪಿನವನಿಗೆ ಫೋನು ಹಚ್ಚಿದ. ಹೊಸ್ತಿಲು ಕಡಿಯಲಿಲ್ಲ, ಅಷ್ಟು ದೊಡ್ಡ ಪಾಪ ನಮಗೂ ಬೇಡ. ಚೌಕಟ್ಟಿಗೆ ಒಂದು ಹಿಡಿಕೆ ಹಚ್ಚಿಸಿದೆವು. ಅರಿಶಿಣ ಈಗ ಎರಡೂ ತುದಿಗೆ ಮಾತ್ರ ಬೀಳುತ್ತದೆ, ಹೊಸ್ತಿಲ ಎರಡೂ ಬದಿಯ ಕಲ್ಲನ್ನು ಸೊಸೆ ಒಣ ಬಟ್ಟೆಯಿಂದ ಒರೆಸುತ್ತಾಳೆ. ಲಕ್ಷ್ಮಿ ಇದುವರೆಗೂ ಸಿಟ್ಟಾದ ಸುದ್ದಿ ಇಲ್ಲ. ಸಿಟ್ಟಾದವಳು ಜೇವರ್ಗಿಯ ನಾದಿನಿ, ಗಂಟು ವಾಪಸ್ಸು ಬಂತೆಂದು.

ಪೈಪು ಹಾಕಿದ ಮರುದಿನವೇ ಓಣಿಗೆ ಇಳಿದೆ. ಒಂದು ಕೈಯಲ್ಲಿ ಸರಳು, ಒಂದು ಕೈಯಲ್ಲಿ ಕೋಲು, ಹಿಂದೆ ಸೊಸೆ, ಪಕ್ಕದಲ್ಲಿ ಇನ್ನೂ ಕುಂಟುತ್ತಿದ್ದ ಮಗ. ಯಾರು ಯಾರನ್ನು ಹಿಡಿದಿದ್ದಾರೆ ಎಂದು ಹೇಳುವುದು ಕಷ್ಟವಿತ್ತು. ಓಣಿಯ ಜನ ಕಟ್ಟೆಗೆ ಬಂದು ನಿಂತರು. ಒಬ್ಬ ಹುಷಾರ್ರಿ ಟೀಚರ್ ಎಂದು ಹೌಹಾರುವಂತೆ ಕೂಗಿದ. ಇನ್ನೊಬ್ಬಳು ಬಲಕ್ಕೆ ಅಂದಳು, ಅವಳ ಅತ್ತೆ ಎಡಕ್ಕೆ ಅಂದಳು. ನಡುವೆ ಒಂದು ಮೋಟರ್‌ಸೈಕಲ್ ನಿಂತಿತು, ಅದರ ಮೇಲಿದ್ದವನೂ ಒಂದು ಸಲಹೆ ಕೊಟ್ಟ. ಅಷ್ಟು ಜನರ ಸಹಾಯ ಇದ್ದರೂ ನಾನು ಬೀಳದೆ ದಾಟಿದೆ.

ಗೆಳತಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕೋಲಿನ ಸದ್ದಿಗೆ ತಿರುಗಿದಳು. ಎಷ್ಟು ಸಣ್ಣಗಾಗಿದ್ದಳು! ಮುಖ ಚಿಕ್ಕದು, ಕಣ್ಣು ದೊಡ್ಡವು. ಅಲ್ಲೇ ಇದ್ದ ಕುರ್ಚಿಯಲ್ಲಿ ಕೂತೆ.

"ಬಂದೀ?" ಅಂದಳು. "ನಾ ಹೊಲಿದ ಕೌದಿ, ನೋಡು, ಒಂದು ಹೊಲಿಗಿ ಬಿಚ್ಚಲಿಲ್ಲ. ನನ್ನ ಎಲುಬ ಬಿಚ್ಚಿತು."

ಇಬ್ಬರೂ ನಕ್ಕೆವು. ನಗುತ್ತಾ ನಗುತ್ತಾ ಆಕೆ ಅತ್ತಳು. ವಾಕರ್ ಮೂಲೆಯಲ್ಲಿತ್ತು, ಅದರ ಮೇಲೆ ಲಂಗ, ಟಾವೆಲ್ಲು ಒಣಗುತ್ತಿದ್ದವು. ಸೊಸೆ ಅವನ್ನು ತೆಗೆದು ವಾಕರನ್ನು ಮಂಚದ ಪಕ್ಕಕ್ಕೆ ತಂದಿಟ್ಟಳು. ಗೆಳತಿ ಅದನ್ನು ಹಾವು ನೋಡಿದಂತೆ ನೋಡಿದಳು.

"ನಕ್ಕೋ ಟೀಚರ್, ಬ್ಯಾಡ. ಕಾಲು ಈಗ ನಂದಲ್ಲ, ಕಬ್ಬಿಣದ್ದು ಅದ. ಬಿದ್ದ್ರ ಮುಗೀತು."

ನನ್ನನ್ನು ಬೈದು ಬೈದು ಏಳಿಸಿದ ಹೆಂಗಸು! ಆಕೆಯ ಬಾಯಲ್ಲಿ ಈಗ ಓಣಿಯವರ ಮಾತು. ನಾನು ವಾದ ಮಾಡಲಿಲ್ಲ. ಮಗಳು ಚಹಾ ತಂದಳು, ಕುಡಿದೆ. ಅದೂ ಇದೂ ಮಾತಾಡಿದೆ. ಆಮೇಲೆ, ನಾ ಇನ್ನ ಬರ್ತೇನಿ ಅಂದೆ. ಅಂದವಳು ಎದ್ದೇಳಲಿಲ್ಲ.

ಮಗಳು, "ಬರ್ರಿ ಟೀಚರ್, ನಾ ಬಾಗಿಲ ತನಕ ಬರ್ತೇನಿ" ಅಂದಳು.

"ನೀ ಯಾಕ? ನಾ ನಿನ್ನ ಮಾತಾಡಿಸಾಕ ಬಂದೀನೇನು? ಬಂದವರನ್ನ ಬೀ ಯಾವಾಗಿಂದ ಹಾಸಿಗ್ಯಾಗಿಂದ ಕಳಸಾಕತ್ತಾಳ? ಹೊಸ್ತಿಲ ತನಕ ಆಕಿ ಬರ್ಲಿಲ್ಲಂದ್ರ ನಾ ಹೋಗಂಗಿಲ್ಲ. ಇಲ್ಲೇ ಇರ್ತೇನಿ. ರಾತ್ರಿಗಿ ನನಗ ರೊಟ್ಟಿ ಮೆತ್ತಗ ಇರ್ಬೇಕು, ಹಲ್ಲಿಲ್ಲ."

ಮಗಳು ಗಾಬರಿಯಾಗಿ ನನ್ನ ಮಗನನ್ನು ನೋಡಿದಳು. ಅವನು ನನ್ನ ಕಿವಿಯಲ್ಲಿ, ಅವ್ವಾ, ಮಂದಿ ಮನಿ ಅಂದ. ನಾನು ಕಾಲು ಚಾಚಿ ಇನ್ನೂ ಆರಾಮವಾಗಿ ಕೂತೆ. ಗೆಳತಿ ಕಣ್ಣು ಮುಚ್ಚಿ ಮಲಗಿದಳು. ನಾನು ಕೂತೇ ಇದ್ದೆ. ಆಕೆ ಒಂದು ಕಣ್ಣು ತೆರೆದು ನೋಡಿದಳು, ನಾನಿದ್ದೆ. ಉರ್ದುವಿನಲ್ಲಿ ಬೈಯತೊಡಗಿದಳು, ನನ್ನನ್ನು, ನನ್ನ ಹಟವನ್ನು, ನಾನು ಕಲಿಸಿದ ಮಕ್ಕಳನ್ನು. ಬೈಯುತ್ತಲೇ ಮೊಣಕೈ ಊರಿ ಎದ್ದು ಕೂತಳು. ಮಗಳು ಹಿಡಿಯಲು ಹೋದಳು. "ಹತ್ತಿರ ನಿಂದ್ರು, ಎತ್ತಬ್ಯಾಡ" ಅಂದೆ. ಆಕೆ ವಾಕರ್ ಹಿಡಿದಳು. ಮುಖ ನೋವಿಗೆ ಕೆಂಪಾಯಿತು, ಹಲ್ಲು ಕಚ್ಚಿದಳು, ಎದ್ದು ನಿಂತಳು. ಮಂಚದ ಕಾಲಿನ ಕಡೆಯ ತನಕ ಬಂದು, ಉಸಿರು ಬಿಡುತ್ತಾ ಅಂದಳು:

"ಇಲ್ಲೀತನಾ. ಇವತ್ತ ಹೊಸ್ತಿಲ ಇಲ್ಲೇ ಅದ ತಿಳ್ಕೋ. ಹೋಗು ಇನ್ನ, ಶನಿ."

ನಾನು ಎದ್ದು ನಮಸ್ಕಾರ ಮಾಡಿ ಹೊರಟೆ.

ದಿನವೂ ಹೋದೆ. ದಿನವೂ ಚಹಾ, ದಿನವೂ ಬೈಗುಳ. ಹೊಸ್ತಿಲು ಸ್ವಲ್ಪ ಸ್ವಲ್ಪವೇ ಮುಂದೆ ಸರಿಯಿತು. ಕಪಾಟಿನ ತನಕ, ಕಿಟಕಿಯ ತನಕ, ನಡುಮನೆಯ ತನಕ. ಒಮ್ಮೊಮ್ಮೆ ಹಿಂದೆಯೂ ಸರಿಯಿತು. ಜ್ವರ ಬಂದ ದಿನ ಆಕೆ ಬರೀ ಕೂತು ಕಳಿಸಿದಳು, ಆವತ್ತು ನಾನೂ ಹಟ ಮಾಡಲಿಲ್ಲ. ಬಚ್ಚಲಿಗೆ ತಾನೇ ಹೋದಳೋ ಇಲ್ಲವೋ ನಾನು ಕೇಳಲಿಲ್ಲ. ಕೇಳಲು ಹೆದರಿಕೆಯಾಗುತ್ತಿತ್ತು. ಒಳಗೆ ಮಗಳು ಚೀಲ ತುಂಬುತ್ತಿದ್ದುದು ಕಾಣುತ್ತಿತ್ತು.

ಆ ಶುಕ್ರವಾರ ನಮಾಜು ಬಿಟ್ಟ ಮೇಲೆ ಗಾಡಿ ಬಂದು ಎದುರು ಮನೆಯ ಮುಂದೆ ನಿಂತಿತು. ನಾನು ನಮ್ಮ ಹೊಸ್ತಿಲಲ್ಲಿ ಹಿಡಿಕೆ ಹಿಡಿದು ನಿಂತಿದ್ದೆ. ದಾಟಿ ಹೋಗಲು ಕಾಲು ಬರಲಿಲ್ಲ. ಕಾಲಿಗೆ ಬಲ ಇತ್ತು, ನೋಡುವ ಧೈರ್ಯ ಇರಲಿಲ್ಲ. ಮೊದಲು ಒಂದು ಚೀಲ ಬಂತು. ಆಮೇಲೆ ಇನ್ನೊಂದು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಕುರ್ಚಿ ಹೊತ್ತುಕೊಂಡು ಬರುವ ನಾಲ್ಕು ಜನರಿಗಾಗಿ ಕಾದೆ.

ಮಗಳೊಬ್ಬಳೇ ಹೊರಗೆ ಬಂದಳು, ಬುರ್ಖಾದ ತುದಿಯಿಂದ ಕಣ್ಣೊರೆಸುತ್ತಾ. ಅವಳ ಹಿಂದೆ ವಾಕರಿನ ಕಾಲು ಕಂಡವು. ಅದರ ಹಿಂದೆ ನನ್ನ ಗೆಳತಿ. ಒಂದೊಂದೇ ಹೆಜ್ಜೆ ಇಡುತ್ತಾ ಹೊಸ್ತಿಲ ತನಕ ಬಂದು ನಿಂತಳು, ಊರಿಗೆ ಹೋಗುವ ಮಗಳನ್ನು ಕಳಿಸಲು. ಮಗಳು ಗಾಡಿ ಹತ್ತಿದಳು. ಗಾಡಿ ಓಣಿಯ ತಿರುವು ದಾಟುವ ತನಕ ಆಕೆ ಹಾಗೇ ನಿಂತಿದ್ದಳು, ಪದ್ಧತಿ ಬಿಡಲಿಲ್ಲ.

ಆಮೇಲೆ ನನ್ನನ್ನು ನೋಡಿದಳು. ನಾನು ಅಳುತ್ತಿದ್ದೆ, ಓಣಿಯವರೆಲ್ಲ ನೋಡುತ್ತಿದ್ದರು, ನೋಡಲಿ. ನನಗೆ ತಡೆಯಲಾಗಲಿಲ್ಲ, ಒಂದು ಕಾಲು ಎತ್ತಿ ಹೊಸ್ತಿಲ ಆಚೆ ಇಟ್ಟೆ. ಆಕೆ ಅಲ್ಲಿಂದಲೇ ಕೂಗಿದಳು:

"ಏ ಟೀಚರ್! ಕಣ್ಣು ಒರಸ್ಕೊಂಡು ನೆಲಾ ನೋಡ್ಕೊಂಡು ಬಾ. ಬಿದ್ದೆಂದ್ರ ನನ್ನ ಕಡೆ ಕೌದಿ ಇಲ್ಲ!"